ಮೊಮ್ಮಗಳಿಗೆ ಲೈಸೆನ್ಸ್ ಇರುವ ಮನೆ ಹುಡುಕಿದ್ದು

ಆಗ ನನಗೆ ಅರವತ್ತೇಳು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಅರವತ್ತೇಳು ಅನ್ನುವುದು ಆಧಾರ್ ಕಾರ್ಡಿನ ಲೆಕ್ಕ. ನಮ್ಮವ್ವನ ಲೆಕ್ಕ ಬೇರೆ ಇತ್ತು. ಕಾರ್ಡಿನಲ್ಲಿರುವುದೇ ನಿಜ ಎಂದು ಒಪ್ಪಿಕೊಂಡರೆ ತಂಟೆ ಕಡಿಮೆ.

ನಮ್ಮದು ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿ. ಮನೆಯೆಂದರೆ ಮುಂದುಗಡೆ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದುಗಡೆ ಮಿಕ್ಕ ಜಾಗದಲ್ಲಿ ನಾವು. ಎರಡು ಮಗ್ಗ ಮಗನದು, ಎರಡು ನನ್ನದು. ಬೆಳಿಗ್ಗೆ ಆರಕ್ಕೆ ಸ್ವಿಚ್ಚು ಹಾಕಿದರೆ ಕರೆಂಟು ಹೋಗುವವರೆಗೂ ಸದ್ದೇ ಸದ್ದು. ಅದರೊಳಗೆ ಬಾಯಿ ಬಿಟ್ಟು ಪ್ರಯೋಜನವಿಲ್ಲ. ಹಾಗಾಗಿ ನಮ್ಮಲ್ಲಿ ಮಾತೆಂದರೆ ಅರ್ಧ ತುಟಿ, ಅರ್ಧ ಕೈ. ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದರೆ ನೀರು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ. ಅಂಗೈ ಕವುಚಿ ಕೆಳಗಿಳಿಸಿದರೆ ಮಗ್ಗ ನಿಲ್ಲಿಸು. ಯಾರನ್ನಾದರೂ ಕರೆಯಬೇಕಾದರೆ ಹತ್ತಿರ ಹೋಗಿ ಹೆಗಲು ಮುಟ್ಟಬೇಕು, ಇಲ್ಲವೇ ಎದುರಿಗೆ ನಿಂತು ಟವೆಲ್ ಬೀಸಬೇಕು. ನನ್ನ ಗಂಡ ಇದ್ದಾಗಲೂ ನಾವಿಬ್ಬರೂ ಹೀಗೇ ಜಗಳ ಆಡುತ್ತಿದ್ದೆವು. ಅಕ್ಕಪಕ್ಕದವರಿಗೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ.

ಮೊಮ್ಮಗಳಿಗೆ ಆಗ ಎರಡೂವರೆ ವರ್ಷ. ಮಗ್ಗದ ಪಕ್ಕದ ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿ ಅದರಲ್ಲೇ ಮಲಗಿಸುತ್ತಿದ್ದೆ. ನಾಲ್ಕೂ ಮಗ್ಗ ಬಡಿದುಕೊಳ್ಳುತ್ತಿದ್ದರೆ ಸುಖವಾಗಿ ನಿದ್ದೆ. ಕರೆಂಟು ಹೋದರೆ ಬೆಚ್ಚಿ ಎದ್ದು ಅಳು. ನನ್ನ ಮೂರು ಮಕ್ಕಳೂ ಇದೇ ತೊಲೆಯ ಕೆಳಗೆ ಬೆಳೆದವರು. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಎಂದು ನಾನು ತಿಳಿದಿದ್ದೆ.

ಸೊಸೆ ಹಾಗೆ ತಿಳಿದಿರಲಿಲ್ಲ. ಅವಳು ನೆಲಮಂಗಲದ ಕಡೆಯವಳು, ಮಗ್ಗವಿಲ್ಲದ ಮನೆಯಿಂದ ಬಂದವಳು. ಓದಿದವಳು. ಗಾಜಿನ ಕೊಳವೆಯಲ್ಲಿ ಔಷಧಿ ಹಾಕಿ ಪರೀಕ್ಷೆ ಮಾಡುವ ವಿದ್ಯೆ ಕಲಿತಿದ್ದಳು. ಒಂದು ದಿನ ಮಗು ಓಡುತ್ತಿದ್ದ ಮಗ್ಗದ ಬೆಲ್ಟಿಗೆ ಕೈ ಚಾಚಿತು. ಸೊಸೆ ಒಲೆಯ ಮುಂದಿನಿಂದ ಓಡಿಬಂದು ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟಳು. ಮಗುವಿಗೆ ಏನೂ ಆಗಲಿಲ್ಲ. ಮಗ್ಗ ತಟ್ಟನೆ ನಿಂತದ್ದಕ್ಕೆ ನನ್ನ ಎರಡು ಸೀರೆಯಲ್ಲಿ ಅಡ್ಡಗೆರೆ ಬಿತ್ತು. ನಾನು ಸೀರೆಯ ಕಡೆ ನೋಡಿದೆ. ನೋಡಿದ್ದನ್ನು ಅವಳು ನೋಡಿದಳು.

ಅದಾಗಿ ತಿಂಗಳೊಳಗೆ ಅವಳಿಗೆ ಕೆಲಸ ಸಿಕ್ಕಿತು. ಊರಾಚೆ ಕಾರ್ಖಾನೆಗಳಿರುವ ಕಡೆ ಒಂದು ಔಷಧಿ ಕಂಪನಿ. ಮಗು ಹುಟ್ಟಿದ ಮೇಲೆ ಅವಳು ಹಾಕಿದ ಅರ್ಜಿಗಳಲ್ಲಿ ಬರಲು ಹೇಳಿದ್ದು ಅದೊಂದೇ. ಮುಂದಿನ ತಿಂಗಳ ಮೊದಲನೇ ಸೋಮವಾರ ಒಂಬತ್ತು ಗಂಟೆಗೆ ಹಾಜರಾಗಬೇಕು. ಆಗದಿದ್ದರೆ ಪಟ್ಟಿಯಲ್ಲಿ ಹಿಂದಿರುವವರನ್ನು ಕರೆಯುತ್ತಾರೆ. ಕೈಯಲ್ಲಿದ್ದದ್ದು ಹದಿನೈದು ದಿನ. ಅಷ್ಟರೊಳಗೆ ಮಗುವನ್ನು ಬಿಡಲು ಒಂದು ಜಾಗ ಬೇಕು.

"ಅತ್ತೆ, ಲೈಸೆನ್ಸ್ ಇರೋ ಕಡೆನೇ ಬಿಡೋದು," ಎಂದಳು.

"ಮಗು ನೋಡ್ಕೊಳಕ್ಕೂ ಲೈಸೆನ್ಸಾ? ನಾನು ಮೂರು ಹೆತ್ತು ಸಾಕಿದೀನಿ ಕಣಮ್ಮ. ಯಾವೋನೂ ಬಂದು ಪರೀಕ್ಷೆ ಮಾಡ್ಲಿಲ್ಲ."

"ಮಾಡಿದ್ರೆ ಫೇಲಾಗ್ತಿದ್ರಿ," ಎಂದು ಗಂಡನ ಎಡಗೈ ಹಿಡಿದು ಎತ್ತಿ ತೋರಿಸಿದಳು. ಅವನ ಉಂಗುರದ ಬೆರಳಿನ ತುದಿ ಐದು ವರ್ಷದವನಿದ್ದಾಗ ಮಗ್ಗಕ್ಕೆ ಹೋಗಿತ್ತು. ನನ್ನ ಮಗ ಕೈ ಬಿಡಿಸಿಕೊಂಡು ಚಟ್ನಿ ಹಾಕಿಸಿಕೊಂಡ.

ಆದರೂ ಮೊದಲು ನಾನು ಹೇಳಿದ ಕಡೆಗೇ ಹೋದೆವು. ನಮ್ಮ ಬೀದಿಯ ಕೊನೇ ಮನೆಯಾಕೆ, ನನಗಿಂತ ಐದಾರು ವರ್ಷ ಚಿಕ್ಕವಳು, ಗಂಡ ಸತ್ತ ಮೇಲೆ ಬೀದಿಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಆಗ ಅವಳ ಹತ್ತಿರ ಐದು ಮಕ್ಕಳಿದ್ದವು. ಅವಳಿಗೆ ಮಂಡಿನೋವು, ಮಂಚ ಬಿಟ್ಟು ಏಳುತ್ತಿರಲಿಲ್ಲ. ಏಳುವ ಅಗತ್ಯವೂ ಇರಲಿಲ್ಲ. ನಾವು ಹೋದಾಗ ಒಂದು ಗಂಡುಮಗು ಬೀದಿಯ ಕಡೆಗೆ ಓಡುತ್ತಿತ್ತು. ಕೂತಲ್ಲಿಂದಲೇ "ಲೇ!" ಎಂದಳು. ಐದೂ ಮಕ್ಕಳು ನಿಂತ ನಿಲುವಿನಲ್ಲೇ ನಿಂತವು. ನಾನೂ ನಿಂತೆ.

ಸೊಸೆ ಅಂಗಳದ ಮೂಲೆ ನೋಡುತ್ತಿದ್ದಳು. "ಆಂಟಿ, ನೀರಿನ ಸಂಪಿಗೆ ಮುಚ್ಚಳ ಇಲ್ವಾ?"

"ತಗಡು ಇದೆಯಲ್ಲಮ್ಮ, ಅರ್ಧ ಮುಚ್ಚಿದೆ. ಅಲ್ಲಿಗೆ ಯಾವ ಮಗೂನೂ ಹೋಗಲ್ಲ. ನಾನೊಂದ್ಸಲ ಗದರಿದ್ರೆ ಸಾಕು."

"ಲೈಸೆನ್ಸ್ ಏನಾದ್ರೂ..."

"ಇದೆಯಲ್ಲ!" ಎಂದು ಆಕೆ ತನ್ನ ಗಂಟಲು ಮುಟ್ಟಿ ತೋರಿಸಿದಳು. ನಾನು ನಕ್ಕೆ. ಸೊಸೆ ನಗದೆ ಚಪ್ಪಲಿ ಮೆಟ್ಟಿಕೊಂಡಳು.

ದಾರಿಯಲ್ಲಿ ನಾನು ಬೈದೆ. "ನೀರಿನ ಸಂಪು ಎಲ್ಲಾರ ಮನೇಲೂ ಇರುತ್ತೆ. ಸಂಪಿಲ್ಲದ ಮನೆ ಬೇಕು ಅಂದ್ರೆ ಕಾಡಿಗೆ ಹೋಗ್ಬೇಕು."

"ಹೋಗ್ತೀನಿ ಬಿಡಿ," ಎಂದಳು.

ಅಂಗನವಾಡಿಗೆ ಹೋದೆವು. ಅಲ್ಲಿಯ ಟೀಚರಮ್ಮ ಒಳ್ಳೆಯವಳು, ಇದ್ದದ್ದು ಇದ್ದ ಹಾಗೆ ಹೇಳಿದಳು. ಮಗುವಿಗೆ ಮೂರು ತುಂಬಿರಬೇಕು, ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಸೊಸೆಯ ಕೆಲಸ ಬಿಡುವುದು ಆರಕ್ಕೆ. "ಮಧ್ಯದ ಎರಡು ಗಂಟೆ ಮಗೂನ ನಾನೇನ್ ಮಾಡ್ಲಿ, ನೀವೇ ಹೇಳಿ," ಎಂದಳು ಟೀಚರಮ್ಮ.

ಆಮೇಲೆ ಸೊಸೆ ಫೋನಿನಲ್ಲಿ ಪಟ್ಟಿ ಮಾಡಿಕೊಂಡ ಜಾಗಗಳು ಶುರುವಾದವು. ದೇವನಹಳ್ಳಿ ರಸ್ತೆಯಲ್ಲಿ ಒಂದು ಕಟ್ಟಡ. ಗೋಡೆಯ ಮೇಲೆಲ್ಲ ನಗುವ ಪ್ರಾಣಿಗಳು. ಹುಲಿಯೂ ನಗುತ್ತಿತ್ತು, ಜಿಂಕೆಯೂ ನಗುತ್ತಿತ್ತು. ಒಳಗೆ ತಣ್ಣಗೆ ಗಾಳಿ, ಕಪಾಟಿನ ತುಂಬ ಆಟದ ಸಾಮಾನು, ಗೋಡೆಗೆ ಕಟ್ಟು ಹಾಕಿಸಿದ ಲೈಸೆನ್ಸು. ಸೊಸೆಗೆ ನೋಡಿದ ಕೂಡಲೇ ಹಿಡಿಸಿತು. ಅಲ್ಲಿಯ ಮೇಡಂ ನಗುತ್ತಾ ನಗುತ್ತಾ ಮಾತಾಡುತ್ತಿದ್ದಳು. ಅವಳ ಮಾತು ನನಗೆ ಅರ್ಧ ಕೇಳಿಸುತ್ತಿತ್ತು. ಈಗಿನವರು ಎಲ್ಲರೂ ಪಿಸುಗುಟ್ಟುತ್ತಾರೆ ಎಂದುಕೊಂಡು ನಾನು ಕಟ್ಟಡದ ಹಿಂದಕ್ಕೆ ಹೋದೆ.

ಸೀರೆ ಕೊಳ್ಳುವವಳು ಸೆರಗು ನೋಡುತ್ತಾಳೆ. ನೇಯುವವಳು ತಿರುಗಿಸಿ ಒಳಮೈ ನೋಡುತ್ತಾಳೆ. ಕಡಿದ ಎಳೆ, ಗಂಟು, ಕಳ್ಳ ಜರಿ ಎಲ್ಲ ಅಲ್ಲೇ ಸಿಗುವುದು. ನನಗೆ ಅದೊಂದೇ ಗೊತ್ತಿದ್ದದ್ದು. ಆ ಕಟ್ಟಡದ ಹಿತ್ತಲು ಬಹಳ ಚೊಕ್ಕಟವಾಗಿತ್ತು. ಒಂದು ಹಗ್ಗ ಕಟ್ಟಿದ್ದರು, ಅದರ ಮೇಲೆ ಒಂದೇ ಒಂದು ಬಟ್ಟೆ ಇರಲಿಲ್ಲ. ನಾನು ಒಳಗೆ ಬಂದು ಕೇಳಿದೆ.

"ಏನಮ್ಮಾ, ಇಲ್ಲಿ ಎಷ್ಟು ಮಕ್ಕಳವೆ?"

"ಇಪ್ಪತ್ತೆರಡು ಅಜ್ಜಿ."

"ಇಪ್ಪತ್ತೆರಡು ಮಕ್ಕಳಲ್ಲಿ ಒಂದೂ ಚಡ್ಡೀಲಿ ಉಚ್ಚೆ ಹುಯ್ಕೊಳ್ಳಲ್ವಾ?"

ಸೊಸೆ ನೆಲ ನೋಡಿದಳು. ಮೇಡಂ ನಗು ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಚೀಲಕ್ಕೆ ಹಾಕಿ ಮನೆಗೆ ಕಳಿಸುತ್ತೇವೆ ಎಂದಳು. ಹೋಗಲಿ ಎಂದು ನಾನು ಲೈಸೆನ್ಸ್ ಓದಲು ನಿಂತೆ. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು. ಒಂದೊಂದೇ ಅಕ್ಷರ ಬೆರಳಿಟ್ಟು ಓದಬೇಕು, ಬಿಟ್ಟು ಓದಲು ಬರುವುದಿಲ್ಲ. ಹಾಗಾಗಿ ಓದಿದವರು ಬಿಟ್ಟುಬಿಡುವುದೆಲ್ಲ ನನಗೆ ಸಿಗುತ್ತದೆ. ಕೆಳಗಿನ ಸಾಲಿನಲ್ಲಿ ಇಂಥ ತಾರೀಖಿನವರೆಗೆ ಮಾತ್ರ ಎಂದಿತ್ತು. ಆ ತಾರೀಖು ಮುಗಿದು ಎರಡು ದೀಪಾವಳಿ ಆಗಿದ್ದವು.

"ರಿನ್ಯೂವಲ್‌ಗೆ ಕೊಟ್ಟಿದೀವಿ ಅಜ್ಜಿ," ಎಂದಳು ಮೇಡಂ.

"ಎರಡು ವರ್ಷದಿಂದ ಕೊಡ್ತಾನೇ ಇದೀರಾ?" ಎಂದೆ.

ಆಚೆ ಬಂದು ಸೊಸೆ ಆಟೋ ಕೂಗಿದಳು. ಆಟೋದಲ್ಲಿ ಕೂತ ಮೇಲೆ, "ನಾಳೆಯಿಂದ ಎಲ್ಲಾ ಕಡೇನೂ ನೀವೇ ಓದಿ," ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಹೊಗಳಿಕೆಯೋ ಅಲ್ಲವೋ, ನಾನು ಹಾಗೇ ಇಟ್ಟುಕೊಂಡೆ.

ಇನ್ನೂ ಎರಡು ಕಡೆ ಹೋದೆವು. ಒಂದರಲ್ಲಿ ಲೈಸೆನ್ಸ್ ಕೇಳಿದ್ದಕ್ಕೆ ಪುಢಾರಿಯೊಬ್ಬರ ಜೊತೆ ತೆಗೆಸಿಕೊಂಡ ಫೋಟೋ ತೋರಿಸಿದರು. ಇನ್ನೊಂದರಲ್ಲಿ ಲೈಸೆನ್ಸ್ ಇತ್ತು, ಮಕ್ಕಳೇ ಇರಲಿಲ್ಲ. ನೀವು ಸೇರಿಸಿದರೆ ಶುರು ಮಾಡುತ್ತೇವೆ ಎಂದರು.

ಕಡೆಗೆ ಸಿಕ್ಕಿದ್ದು ಕಂಪನಿಯ ದಾರಿಯಲ್ಲೇ, ನೀರಿನ ಟ್ಯಾಂಕಿನ ಹಿಂದೆ, ಒಂದು ಹಳೇ ಹೆಂಚಿನ ಮನೆ. ಗೋಡೆಯಲ್ಲಿ ಹುಲಿ ಇಲ್ಲ, ಜಿಂಕೆ ಇಲ್ಲ. ನಡೆಸುವ ಮೇಡಂ ಐವತ್ತು ದಾಟಿದವಳು, ನಗುವುದು ಕಡಿಮೆ. ನಾನು ಕೇಳದೆಯೇ ಹಿಂದಕ್ಕೆ ಹೋದೆ. ಹಗ್ಗದ ತುಂಬ ಚಡ್ಡಿ. ಸಣ್ಣ, ದೊಡ್ಡ, ಹೂವಿನದು, ಪಟ್ಟೆಯದು. ಒಬ್ಬ ಆಯಾ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸಂಪಿನ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ನಾನು ಒಳಗೆ ಬಂದು ಸೊಸೆಗೆ ಕೈಯಲ್ಲೇ ಸರಿಯಿದೆ ಎಂದೆ.

ಆಮೇಲೆ ಲೈಸೆನ್ಸು. ಅದು ನಾಲ್ಕು ಹಾಳೆಯದು, ಷರತ್ತೆಲ್ಲ ಬರೆದಿತ್ತು. ನಾನು ಬೆರಳಿಟ್ಟು ಓದುತ್ತಾ ಹೋದೆ. ಆಕೆ ಪಕ್ಕದಲ್ಲೇ ನಿಂತು ಕಾದಳು.

"ಅಜ್ಜಿ, ಇಷ್ಟು ವರ್ಷದಲ್ಲಿ ಇದನ್ನ ಪೂರ್ತಿ ಓದ್ತಿರೋದು ನೀವೇ ಮೊದಲು," ಎಂದಳು. ಅದು ನನಗೆ ಕೇಳಿಸಿತು.

ತಾರೀಖು ಸರಿಯಿತ್ತು. ಎಷ್ಟು ಮಕ್ಕಳಿಗೆ ಎಷ್ಟು ಆಯಾ ಎಂದು ಬರೆದಿತ್ತು. ಕಣ್ಣು, ಕಿವಿ, ಕೈಕಾಲು ಊನ ಇರುವ ಮಗುವನ್ನು ಸೇರಿಸಿಕೊಂಡರೆ ಅದಕ್ಕೆಂದೇ ಬೇರೆ ಒಬ್ಬರನ್ನು ಇಟ್ಟುಕೊಳ್ಳಬೇಕು ಎಂದೂ ಬರೆದಿತ್ತು. "ಇದು ನೋಡಮ್ಮ ರೂಲ್ಸು ಅಂದ್ರೆ," ಎಂದು ನಾನೇ ಗಟ್ಟಿಯಾಗಿ ಹೊಗಳಿದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಸೇರಿಸುವ ಮೊದಲು ಒಂದು ದಿನ ಅರ್ಧ ಹೊತ್ತು ಬಿಟ್ಟು ನೋಡುವುದು ಅಲ್ಲಿಯ ಪದ್ಧತಿ. ಗುರುವಾರ ಬಿಟ್ಟೆವು. ಸೋಮವಾರಕ್ಕೆ ನಡುವೆ ಮೂರೇ ದಿನ. ನಾನೂ ಸೊಸೆಯೂ ಆಚೆ ಬೆಂಚಿನ ಮೇಲೆ ಕೂತೆವು. ಕಿಟಕಿಯಿಂದ ಕಾಣುತ್ತಿತ್ತು. ಮಗು ಅಳಲಿಲ್ಲ. ನಡುಮನೆಯಲ್ಲಿ ನಿಂತು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿತ್ತು. ಆಯಾ ಹಿಂದಿನಿಂದ ಹೆಸರು ಹಿಡಿದು ಕರೆದಳು, ತಿರುಗಲಿಲ್ಲ. ಮತ್ತೆ ಕರೆದಳು, ತಿರುಗಲಿಲ್ಲ. ಊಟವಾದ ಮೇಲೆ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದರು. ಮನೆ ನಿಶ್ಶಬ್ದವಾಯಿತು. ನಮ್ಮದು ಮಾತ್ರ ಮಧ್ಯದಲ್ಲಿ ಎದ್ದು ಕೂತು, ಕರೆಂಟು ಯಾವಾಗ ಬರುತ್ತದೋ ಎಂಬಂತೆ ಸೂರು ನೋಡುತ್ತಿತ್ತು.

ಒಂದು ಗಂಟೆಗೆ ಮೇಡಂ ನಮ್ಮನ್ನು ಒಳಗೆ ಕರೆದಳು.

"ಬೇಜಾರು ಮಾಡ್ಕೋಬೇಡಿ. ಮಗೂಗೆ ಕಿವಿ ಕೇಳಿಸುತ್ತಾ?"

ನನಗೆ ರೇಗಿತು. "ಏನಮ್ಮಾ ಹಿಂಗಂತೀರಿ? ನಮ್ಮ ಮಗೂಗೆ ಹೇಳಿದ್ದೆಲ್ಲಾ ಅರ್ಥ ಆಗುತ್ತೆ. ನೋಡಿ ಬೇಕಾದ್ರೆ," ಎಂದು ಮಗುವಿನ ಕಡೆ ತಿರುಗಿ ಹೆಬ್ಬೆರಳು ಬಾಯಿಗೆ ತೋರಿಸಿದೆ. ಮಗು ಓಡಿಹೋಗಿ ನೀರಿನ ಬಾಟಲು ತಂದುಕೊಟ್ಟಿತು. ಅಂಗೈ ಕವುಚಿ ಇಳಿಸಿದೆ. ನಿಂತುಕೊಂಡಿತು. ಎರಡು ಬೆರಳು ಆಡಿಸಿದೆ. ಎಳೆ ಕಡಿದಿದೆಯೇನೋ ಎಂದು ಮಗು ಮೇಡಂನ ಸೀರೆಯ ಅಂಚನ್ನೇ ಹಿಡಿದು ನೋಡಿತು. ನಾನು ಗೆದ್ದವಳಂತೆ ಬೀಗುತ್ತಾ ನಿಂತೆ.

ಮೇಡಂ ನಿಧಾನವಾಗಿ ಹೇಳಿದಳು. "ಅಜ್ಜಿ, ಮಗೂಗೆ ಹೇಳುವಾಗ ನೀವು ಒಂದ್ಸಲಾನೂ ಬಾಯೇ ಬಿಡ್ಲಿಲ್ಲ."

ಹೌದು, ಬಿಟ್ಟಿರಲಿಲ್ಲ. ತುಟಿ ಆಡಿಸಿದ್ದೆ, ಅಷ್ಟೇ. ಮನೆಯಲ್ಲಿ ಹೇಗೋ ಹಾಗೆ. ಮಗು ಕಿವುಡು ಎಂದು ಆಕೆಗೆ ಇದ್ದ ಅನುಮಾನವನ್ನು ನಾನೇ ಕೈಯಾರೆ ಖಾತ್ರಿ ಮಾಡಿಕೊಟ್ಟಿದ್ದೆ.

"ಡಾಕ್ಟರ ಹತ್ರ ಚೀಟಿ ತಗೊಂಡು ಬನ್ನಿ. ಕಿವಿ ಸರಿಯಿದ್ರೆ ಅವತ್ತೇ ಸೇರಿಸ್ಕೋತೀನಿ. ಇಲ್ದಿದ್ರೂ ಸೇರಿಸ್ಕೋತೀನಿ. ಆದ್ರೆ ಬೇರೆ ಆಯಾನ ಹುಡುಕ್ಬೇಕು, ಒಂದು ತಿಂಗಳಾದ್ರೂ ಬೇಕು. ಷರತ್ತು ನೀವೇ ಓದಿದ್ರಲ್ಲ ಅಜ್ಜಿ."

ಓದಿದ್ದೆ. ಹೊಗಳಿಯೂ ಇದ್ದೆ.

ಆಟೋದಲ್ಲಿ ಸೊಸೆ ಒಂದೇ ಮಾತಾಡಿದ್ದು. "ನಿಮ್ಮ ಮಗ್ಗ ನನ್ನ ಮಗಳ ಕಿವಿ ತಿಂದ್ಬಿಡ್ತು ಅತ್ತೆ."

ಮನೆಗೆ ಬಂದು ಮಗ್ಗ ನಿಲ್ಲಿಸಿ ನಾವೇ ಪರೀಕ್ಷೆಗೆ ಕೂತೆವು. ಮಗ ಹಿಂದೆ ನಿಂತು ಹೆಸರು ಕೂಗಿದ. ತಿರುಗಲಿಲ್ಲ. ನಾನು ತಟ್ಟೆ ಬೀಳಿಸಿದೆ. ತಿರುಗಲಿಲ್ಲ. ನೆಲಕ್ಕೆ ಕಾಲು ಬಡಿದರೆ ಮಾತ್ರ ಥಟ್ಟನೆ ತಿರುಗಿತು. ಮಗ ಇನ್ನೊಂದು ಸಲ ಹೆಸರು ಕೂಗಿದಾಗ ನನಗೆ ಹೊಳೆಯಿತು. ಅವನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದೇ ಅವತ್ತು.

"ಲೋ, ಈ ಮಗೂನ ಯಾರಾದ್ರೂ ಯಾವತ್ತಾದ್ರೂ ಹೆಸರು ಹಿಡ್ದು ಕರೆದಿದೀವೇನೋ?"

ಅವನು ಯೋಚನೆ ಮಾಡಿದ. ಸೊಸೆಯೂ ಯೋಚನೆ ಮಾಡಿದಳು. ನಾಮಕರಣದ ದಿನ ಕಿವಿಯಲ್ಲಿ ಮೂರು ಸಲ ಹೇಳಿದ್ದೆವು. ಅದಾದ ಮೇಲೆ ಆ ಹೆಸರು ಇದ್ದದ್ದು ಕಾರ್ಡಿನಲ್ಲಿ ಮಾತ್ರ. ಬೇಕೆಂದಾಗ ಹೋಗಿ ಮುಟ್ಟುತ್ತಿದ್ದೆವು, ಎತ್ತಿಕೊಳ್ಳುತ್ತಿದ್ದೆವು. ಕರೆದರೆ ತಿರುಗಬೇಕು ಎಂದು ಆ ಮಗುವಿಗೆ ಹೇಳಿಕೊಟ್ಟವರೇ ಇಲ್ಲ. ಅದಕ್ಕೆ ಸದ್ದೆಂದರೆ ಮಗ್ಗದ್ದು, ತನಗೆ ಸಂಬಂಧಪಟ್ಟಿದ್ದಲ್ಲ.

"ಅಂದ್ರೆ ಕೇಳ್ಸುತ್ತೆ ಅಂತೀರಾ?" ಎಂದಳು ಸೊಸೆ.

"ಕೇಳ್ಸುತ್ತೆ," ಎಂದೆ. ಆದರೆ ನನಗೂ ಖಾತ್ರಿ ಇರಲಿಲ್ಲ. ಎರಡೂವರೆ ವರ್ಷದ ಮಗು ಆಡುತ್ತಿದ್ದದ್ದು ನಾಲ್ಕೈದು ಮಾತು, ಅದೂ ಕಿರುಚಿ. ನಮ್ಮ ಬೀದಿಯ ಮಕ್ಕಳೆಲ್ಲ ಹಾಗೇ ಎಂದು ನಾನು ಹೇಳುತ್ತಾ ಬಂದಿದ್ದೆ.

ಶನಿವಾರ ಆಸ್ಪತ್ರೆಗೆ ಹೋದೆವು. ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನವನು. ಮಗುವಿನ ಹಿಂದೆ ಗಿಲಕಿ ಆಡಿಸಿದ, ಗಂಟೆ ಬಾರಿಸಿದ. ಮಗು ಅವನ ಟೇಬಲ್ಲಿನ ಮೇಲಿದ್ದ ಟಾರ್ಚ್ ನೋಡುತ್ತಾ ಕೂತಿತು.

"ಕರೆಂಟ್ ಹೋದ್ರೆ ಎದ್ದು ಅಳುತ್ತೆ ಸ್ವಾಮಿ," ಎಂದೆ. "ಕೇಳ್ದಿದ್ರೆ ಅಳುತ್ತಾ?"

"ಮಗ್ಗ ನಿಂತಾಗ ನೆಲದ ಅದುರು ನಿಲ್ಲುತ್ತಲ್ಲ ಅಜ್ಜಿ, ಅದಕ್ಕೂ ಎಚ್ಚರ ಆಗ್ಬಹುದು. ಖಚಿತ ಹೇಳ್ಬೇಕಂದ್ರೆ ಮಿಷನ್ ಟೆಸ್ಟ್ ಆಗ್ಬೇಕು. ನಮ್ಮಲ್ಲಿಲ್ಲ. ಬುಧವಾರ ಬೆಂಗಳೂರಲ್ಲಿ ಮಾಡ್ತಾರೆ, ಬರ್ಕೊಡ್ತೀನಿ. ಅಲ್ಲೀವರೆಗೂ ಮಗೂನ ಮಗ್ಗದ ಹತ್ರ ಬಿಡ್ಬೇಡಿ."

"ಬುಧವಾರನಾ?" ಎಂದಳು ಸೊಸೆ. "ಸೋಮವಾರ ನಾನು ಕೆಲಸಕ್ಕೆ ಸೇರ್ಬೇಕು ಡಾಕ್ಟ್ರೆ."

ಅವನಿಂದ ಆಗುವುದೇನೂ ಇರಲಿಲ್ಲ. ಎದ್ದು ಕೈ ತೊಳೆದುಕೊಂಡು ಬಂದು ಮತ್ತೆ ಕೂತ. ಆಮೇಲೆ ನನ್ನ ಮುಖ ನೋಡಿ ಕೇಳಿದ. "ಅಜ್ಜಿ, ನೀವು ಎಷ್ಟು ವರ್ಷದಿಂದ ಮಗ್ಗದಲ್ಲಿದೀರಿ?"

"ಹದಿನಾರನೇ ವಯಸ್ಸಿಂದ. ಮೊದಲು ಕೈಮಗ್ಗ, ಆಮೇಲೆ ಇದು."

"ಈಗ ಕೈ ತೊಳೀತಾ ನಿಮ್ಮ ಬೆನ್ನ ಹಿಂದೆ ನಿಂತು ಇದನ್ನೇ ಮೂರು ಸಲ ಕೇಳ್ದೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಆ ವಾರ ಅವಳು ನಕ್ಕಿದ್ದು ಅದೊಂದೇ ಸಲ, ಅದೂ ನನ್ನ ಕಿವಿ ಹೋದದ್ದಕ್ಕೆ. ಡಾಕ್ಟರು ಎರಡು ಚೀಟಿ ಬರೆದ, ಮಗುವಿಗೊಂದು, ನನಗೊಂದು. ಜನ ಪಿಸುಗುಟ್ಟುತ್ತಾರೆ ಎಂದು ಹತ್ತು ವರ್ಷದಿಂದ ಬೈಯುತ್ತಿದ್ದೆನಲ್ಲ, ಅವರೆಲ್ಲ ಸರಿಯಾಗೇ ಮಾತಾಡುತ್ತಿದ್ದರಂತೆ.

ಭಾನುವಾರ ಸಂಜೆ ಸೊಸೆ ಅಕ್ಕಿ ತೊಳೆಯುತ್ತಾ ಇದ್ದಕ್ಕಿದ್ದಂತೆ ಹೇಳಿದಳು. "ಅತ್ತೆ, ಬುಧವಾರದವರೆಗೂ ಕೊನೇಮನೆ ಆಂಟಿ ಹತ್ರಾನೇ ಬಿಡೋಣ. ಎರಡು ದಿನ ತಾನೆ?"

"ಅಲ್ಲಿಗೆ ಬೇಡ."

"ಯಾಕೆ?"

"ಲೈಸೆನ್ಸ್ ಇಲ್ಲ."

ನನ್ನ ಮಗ ಟಿವಿ ಸದ್ದು ಕಡಿಮೆ ಮಾಡಿದ. "ಅಮ್ಮ, ಆ ಮನೆ ತೋರ್ಸಿದ್ದೇ ನೀನು. ಸಂಪಿಗೋಸ್ಕರ ಇವಳನ್ನ ಬೈದಿದ್ದೂ ನೀನೇ."

"ಬೈದಿದ್ದೆ. ಆಕೆ ಕೂತ ಕಡೆಯಿಂದ ಕೂಗಿ ಮಕ್ಕಳನ್ನ ನಿಲ್ಲಿಸ್ತಾಳೆ ಕಣೋ. ಕೂಗಿದ್ರೆ ನಿಲ್ಲೋ ಮಕ್ಕಳಿಗೆ ಆ ಮನೆ ಸರಿ. ಇದು ನಿಲ್ಲುತ್ತಾ? ಸಂಪಿನ ತನಕ ನಡ್ಕೊಂಡು ಹೋಗುತ್ತೆ, ಆಕೆ ಮಂಚದ ಮೇಲೆ ಕೂತು ಲೇ ಲೇ ಅಂತಿರ್ತಾಳೆ."

ಸೊಸೆ ಅಕ್ಕಿಯ ಪಾತ್ರೆ ಕೆಳಗಿಟ್ಟಳು. ಹದಿನೈದು ದಿನದಿಂದ ಅವಳು ಹೇಳುತ್ತಿದ್ದ ಮಾತನ್ನು ನಾನು ಹೇಳುತ್ತಿದ್ದೆ, ನಾನು ಹೇಳುತ್ತಿದ್ದ ಮಾತು ಅವಳ ಬಾಯಲ್ಲಿತ್ತು. ಇಬ್ಬರಿಗೂ ಅದು ಗೊತ್ತಾಯಿತು.

"ಹಂಗಾದ್ರೆ ಮನೇಲಿ ಯಾರು ನೋಡ್ಕೋತಾರೆ? ನೀವಾ? ಮಗ್ಗದ ಹತ್ರ ಬಿಡ್ಬೇಡಿ ಅಂದ್ರು. ಮನೆ ಪೂರ್ತಿ ಮಗ್ಗ. ಹಿಂದಿನ ರೂಮಲ್ಲಿ ಮಗು ಅತ್ರೆ ನಿಮಗೂ ಕೇಳಲ್ಲ," ಎಂದಳು. ಅವಳು ಒರಟಾಗಿ ಹೇಳಲಿಲ್ಲ, ಇದ್ದದ್ದು ಹೇಳಿದಳು. ನಾಲ್ಕು ಮಗ್ಗದ ಮೇಲೂ ಮದುವೆ ಸೀರೆಗಳಿದ್ದವು, ಗುರುವಾರ ಕೊಡಬೇಕಾದವು. ಅದೂ ಅವಳಿಗೆ ಗೊತ್ತಿತ್ತು.

"ನಾನು ರಜಾ ಹಾಕಿಸ್ಕೊಳ್ಳೋ ಹಾಗಿಲ್ಲ, ಇನ್ನೂ ಸೇರೇ ಇಲ್ಲ," ಎಂದಳು. ಫೋನು ತೆಗೆದು ಕಂಪನಿಯವರ ನಂಬರು ಒತ್ತಿದಳು. ಭಾನುವಾರ, ಯಾರೂ ಎತ್ತಲಿಲ್ಲ. "ಬೆಳಿಗ್ಗೆ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ." ಅಷ್ಟು ಹೇಳಿ ಎದ್ದು ಅಕ್ಕಿ ಒಲೆಗೆ ಇಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಅಳುವವರಿಗೆ ಬೈಯಬಹುದು.

ಬುಧವಾರ ಬೆಂಗಳೂರಿನಲ್ಲಿ ಮಿಷನ್ ಇಟ್ಟು ನೋಡಿ ಮಗುವಿನ ಎರಡು ಕಿವಿಯೂ ಸರಿಯಾಗಿವೆ ಎಂದರು. ಈಗ ಅದು ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತದೆ, ಯಾರಾದರೂ ನಿಲ್ಲಿಸಲಿ ನೋಡೋಣ. ಆದರೆ ಆ ಭಾನುವಾರ ನಮಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಬೆಳಗಾದರೆ ಒಂಬತ್ತು ಗಂಟೆಗೆ ಆ ಹುಡುಗಿಯ ಕೆಲಸ ಹೋಗುತ್ತದೆ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಮಗ ತನ್ನ ಎರಡು ಮಗ್ಗದ ಸ್ವಿಚ್ಚು ಹಾಕಿದ. ನಾನು ನನ್ನವನ್ನು ಹಾಕಲಿಲ್ಲ. ಸ್ನಾನ ಮಾಡಿ, ಒಂದು ಡಬ್ಬಿಗೆ ಚಿತ್ರಾನ್ನ ತುಂಬಿ, ಸೊಸೆಯ ಎದುರಿಗೆ ನಿಂತು ಸೀರೆ ಉಟ್ಟುಕೋ ಎಂದು ಕೈಯಲ್ಲೇ ಹೇಳಿದೆ. ಅವಳ ಕೈಯಲ್ಲಿ ಫೋನಿತ್ತು. ಕಿತ್ತು ಅವಳ ಬ್ಯಾಗಿಗೆ ಹಾಕಿದೆ. ಎಂಟಕ್ಕೆ ಮೂವರೂ ಆ ಹೆಂಚಿನ ಮನೆಯ ಮುಂದೆ ಆಟೋ ಇಳಿದೆವು.

"ಚೀಟಿ ಬಂತಾ ಅಜ್ಜಿ?" ಎಂದಳು ಮೇಡಂ.

"ಬುಧವಾರ ಬರುತ್ತೆ. ನೀವು ಮಗೂನ ಸೇರಿಸ್ಕೋಬೇಡಿ, ರಿಜಿಸ್ಟರಲ್ಲಿ ಹೆಸರೂ ಬರೀಬೇಡಿ. ನಾನು ನಿಮ್ಮ ಜಗಲಿ ಮೇಲೆ ಕೂತಿರ್ತೀನಿ, ಮಗು ನನ್ನ ತೊಡೆ ಮೇಲಿರುತ್ತೆ. ಊಟ ನಮ್ಮದೇ ತಂದಿದೀವಿ. ಮುದುಕಿ ಜಗಲಿ ಮೇಲೆ ಕೂತ್ಕೋಬಾರ್ದು ಅಂತ ಆ ನಾಲ್ಕು ಹಾಳೇಲಿ ಎಲ್ಲೂ ಇಲ್ಲ. ನಾನು ಓದಿದೀನಿ."

ಆಕೆ ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಸೊಸೆಯ ಕಡೆ ತಿರುಗಿದೆ.

"ಬಿಸಿಲು ಬಂದ್ರೆ ಒಳಗೆ ಬಂದು ಕೂತ್ಕೊಳ್ಳಿ ಅಂತಿದಾರೆ ಅತ್ತೆ," ಎಂದಳು ಅವಳು, ಗಟ್ಟಿಯಾಗಿ.

"ಸರಿ, ನಿನಗೆ ಹೊತ್ತಾಯ್ತು, ನಡಿ," ಎಂದೆ.

ಅವಳು ಹೋದಳು. ತಿರುಗಿ ನೋಡಲಿಲ್ಲ, ನೋಡಿದ್ದರೆ ಬೈಯುತ್ತಿದ್ದೆ. ನಾನು ಚಪ್ಪಲಿ ಬಿಟ್ಟು, ಜಗಲಿಯ ಧೂಳನ್ನು ಸೆರಗಿನಿಂದ ಕೊಡವಿ, ಮಗುವನ್ನು ಎತ್ತಿಕೊಂಡು ಕೂತೆ.